ಬಿಳಿ ಐದು, ಕರಿ ನಾಲ್ಕು

ಅರ್ಜಿಯ ಹನ್ನೊಂದನೆಯ ಅಂಕಣ: ಗುರುಗಳ ಹೆಸರು.
"ಲಗು ಹೇಳ್ರಿ ಅಕ್ಕಾ, ಸರ್ವರ್ ಹೋಗ್ತದ"
ಅಂದ ಆನ್‌ಲೈನ್ ಸೆಂಟರಿನ ಹುಡುಗ.
ಝುಬೇದಾ ಮುಲ್ಲಾ, ಅಂದೆ.
ಎರಡು ವರ್ಷ ಕಲಿಸಿ ಅಥಣಿಗೆ ವರ್ಗವಾಗಿ ಹೋದ ಟೀಚರು.
ಆಮೇಲಿನ ಐದು ವರ್ಷ ಯಾರೆಂದು ಅವನು ಕೇಳಲಿಲ್ಲ,
ಅಂಕಣದಲ್ಲಿ ಜಾಗವೂ ಇರಲಿಲ್ಲ.

ಆಮೇಲಿನ ಐದು ವರ್ಷ ಗಿರಣಿ.

ಇಂಡಿಯ ಸ್ಟೇಷನ್ ರೋಡಿನಲ್ಲಿ ನಮ್ಮ ಹಿಟ್ಟಿನ ಗಿರಣಿ.
ತಂಬೂರಿ ಕೊಳ್ಳುವ ಮಾತು ಮನೆಯಲ್ಲಿ ಏಳಲೇ ಇಲ್ಲ.
ಬೆಳಗಿನ ಏಳಕ್ಕೆ ಅಪ್ಪ ಸ್ವಿಚ್ ಒತ್ತಿದರೆ
ಪಟ್ಟಾ ಎರಡು ಸಲ ಕೆಮ್ಮಿ
ಒಂದು ದನಿಗೆ ಬಂದು ನಿಲ್ಲುತ್ತಿತ್ತು.
ಗೋಡೆಯ ಈಚೆ ಕೂತು ಅದರ ಮೇಲೆ ನನ್ನ ಸಾ ಇಡುತ್ತಿದ್ದೆ.
ಜೋಳ ಸುರಿದರೆ ದನಿ ಕೂದಲೆಳೆಯಷ್ಟು ಕುಗ್ಗುತ್ತದೆ,
ಕಡಲೆಗೆ ಇನ್ನೊಂದಿಷ್ಟು.
ಅದು ಕುಗ್ಗಿದಾಗ ನಾನು ಕುಗ್ಗಬಾರದು.
ಇಷ್ಟೇ ನನ್ನ ರಿಯಾಜು.

ಅಪ್ಪನಿಗೆ ಸರಿಗಮ ಗೊತ್ತಿಲ್ಲ.
ಕಟ್ಟೆಯ ಮೇಲೆ ಬೆನ್ನು ತಿರುವಿ ಚಾ ಕುಡಿಯುತ್ತಲೇ
"ಕಲ್ಲು ಬರಿದಾತು, ಕಾಳು ಹಾಕು" ಎನ್ನುತ್ತಾನೆ.
ಒಮ್ಮೆಯೂ ತಪ್ಪಿದ್ದಿಲ್ಲ.
ಪಾಲಕರ ಸಹಿಯ ಜಾಗದಲ್ಲಿ
ಅವನ ಹೆಬ್ಬೆರಳಿನ ಹಿಟ್ಟು ಕೂತಿತ್ತು, ಉಫ್ ಅಂದರೂ ಹಾರಲಿಲ್ಲ.

ವಿಜಯಪುರದ ಬಸ್ಸಿನ ತುಂಬ ನಿಂಬೆಹಣ್ಣಿನ ಚೀಲ.
"ಸೆರಗು ಮೂಗಿಗೆ ಹಿಡಿ, ಹುಳಿ ಗಂಟಲಿಗೆ ಏರೀತು" ಎಂದು
ಕಿಟಕಿಯಲ್ಲಿ ಕೈ ತೂರಿಸಿ ಎರಡು ಲವಂಗ ಕೊಟ್ಟಳು ಅವ್ವ.
ನಾನು ಚೂಡಿದಾರ ಹಾಕಿದ್ದು ಅವಳಿಗೆ ಮರೆತಿತ್ತು.

ಸಂಗೀತ ವಿಭಾಗದ ಪಡಸಾಲೆ. ಟೋಕನ್ ಮೂವತ್ತೊಂಬತ್ತು.
ಮಖಮಲ್ಲಿನ ಗವಸು ತೊಟ್ಟ ತಂಬೂರಿಯೊಂದು
ನನಗಿಂತ ಒಳ್ಳೆಯ ಬಟ್ಟೆಯಲ್ಲಿ ಕುರ್ಚಿ ಹಿಡಿದಿತ್ತು.
ಪಕ್ಕದ ಹುಡುಗ ಕೇಳಿದ: "ನಿಮ್ಮದು ಯಾವ ಘರಾಣೆ?"
"ಗಿರಣಿ," ಅಂದೆ.
"ಕೇಳಿಲ್ಲ," ಅಂದ ಗಂಭೀರವಾಗಿ,
"ಮಹಾರಾಷ್ಟ್ರದ ಕಡೇದಾ?"

ಒಳಗೆ ಮೂವರು. ಪೇಟಿಯವರು ಒಬ್ಬರು.
"ನಿನ್ನ ಸಾ ಯಾವುದು, ಸುಗಲಾ?"
ಹಾಡಿ ತೋರಿಸಿದೆ.
ಅವರು ಬಿಳಿ ಐದು ಒತ್ತಿದರು: ತಗ್ಗು.
ಕರಿ ನಾಲ್ಕು ಒತ್ತಿದರು: ದಿಬ್ಬ.
ಮತ್ತೆ ಬಿಳಿ. ಮತ್ತೆ ಕರಿ.
ಕಳೆದ ಚಿಲ್ಲರೆ ಹುಡುಕುವವರ ಹಾಗೆ ಬೆರಳು ಓಡಿಸಿ
"ಎರಡರ ನಡುವ ನಿಂತಾಳ್ರೀ ಮೇಡಂ" ಅಂದರು.
"ಯಾರು ಶ್ರುತಿ ಮಾಡಿಕೊಟ್ಟದ್ದು ಇದನ್ನ?"
ಹೆಸ್ಕಾಂನವರು ಎನ್ನಲೆ?
ವೋಲ್ಟೇಜ್ ಬಿದ್ದ ದಿನ ನಮ್ಮ ಓಣಿಯ ಸಾ
ಇನ್ನೂ ಕೆಳಗೆ ಹೋಗುತ್ತದೆ ಎನ್ನಲೆ?
ಸುಮ್ಮನಿದ್ದೆ.
"ಒಂದು ಮನೆ ಹಿಡಿ, ತಾಯಿ."

ಕರಿ ನಾಲ್ಕು ಹಿಡಿದೆ. ಭೂಪ.
ನಮ್ಮದೇ ಮನೆ, ಅದೇ ಮೆಟ್ಟಿಲು,
ಹೊಸ್ತಿಲನ್ನು ಮಾತ್ರ ಯಾರೋ ಒಂದು ಬೆರಳು ಎತ್ತರಿಸಿಟ್ಟಿದ್ದಾರೆ.
ಗಾಂಧಾರಕ್ಕೆ ಎಡವಿದೆ.
ಪಂಚಮಕ್ಕೆ ಹೋಗುವಾಗ ಕಾಲು ನೋಡಿಕೊಂಡು ಹೋದೆ,
ಕಾಲು ನೋಡಿಕೊಂಡು ಹಾಡುವವರ ಹಾಡು ಹೇಗಿರುತ್ತದೋ ಹಾಗೇ ಇತ್ತು.
ಆಗ ಪೇಟಿಯವರು, ಏನೆನಿಸಿತೋ,
ಮನೆಗಳ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.
ಬರಿಯ ತಬಲಾ ಉಳಿಯಿತು.
ಎರಡು ಆವರ್ತನ. ಎರಡೇ.
ನಾನು ಇಳಿದು ನನ್ನ ಜಾಗದಲ್ಲಿ ಕೂತೆ.
ಗೋಡೆಯಾಚೆ ಯಾರೋ ಜೋಳ ಸುರಿದಂತಾಯಿತು.
ಕುಗ್ಗಲಿಲ್ಲ.

"ಸಾಕು," ಅಂದರು ಮೇಡಂ.
ಪೆನ್ನು ಆಡಿತು. ಅಂಕ ಬರೆಯಿತೋ ಗೆರೆ ಎಳೆಯಿತೋ
ನಾನು ಕೂತಲ್ಲಿಗೆ ಕಾಣಲಿಲ್ಲ.
ಪೇಟಿಯವರು ಭಾತೆ ಮುಚ್ಚಿ ಕೊಂಡಿ ಹಾಕುತ್ತಿದ್ದರು,
ಊಟದ ಹೊತ್ತು ಮೀರಿತ್ತು.

ಸಂಜೆ ಇಳಿದಾಗ ಗಿರಣಿ ನಡೆದೇ ಇತ್ತು.
"ಏನ್ ಕೇಳಿದ್ರು?"
"ನನ್ನ ಸಾ ಎಲ್ಲದ ಅಂತ."
ಅಪ್ಪ ಹಿಟ್ಟು ಹತ್ತಿದ ಹುಬ್ಬಿನಲ್ಲಿ ಬಹಳ ಹೊತ್ತು ಯೋಚಿಸಿದ.
ಪಟ್ಟಾದ ಕಡೆ ನೋಡಿದ.
"ಸಡಲ ಆಗ್ಯದ ಇದು. ನಾಳೆ ಬಿಗೀಬೇಕಂತಿದ್ದೆ.
ಪಟ್ಟಿ ಬರೂತನ ಬ್ಯಾಡ ಬಿಡು."

ಪಟ್ಟಿ ಗುರುವಾರ.
ಸರದಿಯಲ್ಲಿ ಮೂರು ಡಬ್ಬಿ ಕಾದಿದ್ದವು,
ಮೊದಲನೆಯದು ಕಡಲೆ.